ಆದಿಲ್‌ಶಾಹಿಗಳ ಪಲ್ಯ ನೀತಿ

ಈ ವರ್ಷದಿಂದ ನನ್ನ ತರಗತಿಯಲ್ಲಿ ಪೆನ್ನಿಗೆ ಬಹಿಷ್ಕಾರ!

ಹೀಗೆಂದು ನಾನು ಘೋಷಿಸಿದ್ದು ಸಿಂದಗಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕುರ್ಚಿಯಿಂದೆದ್ದು, ಬಲಗೈ ಮೇಲೆತ್ತಿ. ಹತ್ತೊಂಬತ್ತು ವರ್ಷದಿಂದ ಇತಿಹಾಸದ ನೋಟ್ಸ್ ಬರೆಸುತ್ತ ಬಂದ ಅನೀಲಕುಮಾರ ಎಂದರೆ ನಾನೇ. ನನ್ನ ನೋಟ್ಸಿನ ಝೆರಾಕ್ಸ್ ಪ್ರತಿಗಳು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೂ ಟಿಕೀಟಿಲ್ಲದೆ ಬಸ್ಸಿನಲ್ಲಿ ಓಡಾಡಿವೆ. ನನ್ನ ಕಾನೂನು ಒಂದೇ: ನಾನು ಬರೆಸಿದ್ದನ್ನು ಬಾಯಿಪಾಠ ಮಾಡಿ ಹಾಗೆಯೇ ಬರೆಯಬೇಕು. ಒಂದು ಶಬ್ದ ಬದಲಾದರೆ ಒಂದು ಅಂಕ ಕಡಿತ. ಸ್ವಂತ ಬುದ್ಧಿ ತೋರಿಸಿದರೆ ಎರಡು!

ಇಂಥ ಸಂಪ್ರದಾಯಸ್ಥ ಒಮ್ಮೆಲೇ ಕ್ರಾಂತಿಕಾರಿಯಾದದ್ದು ಒಂದು ಕೂಲರಿಗಾಗಿ. ಪ್ರಿನ್ಸಿಪಾಲ ಬಸಂತರಾಯ ಸರ್ ಒಂದು ಮಾತು ಹೇಳಿದ್ದರು. ಯಾರು ಹೊಸ ರೀತಿಯಲ್ಲಿ ಪಾಠ ಮಾಡಿ ಮುಂದಿನ ಕಿರುಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ ತೋರಿಸುತ್ತಾರೋ ಅವರಿಗೆ ಗುಣಮಟ್ಟ ಸಮಿತಿಯ ಚಾರ್ಜು, ಪ್ರತ್ಯೇಕ ಕೋಣೆ, ಆ ಕೋಣೆಯಲ್ಲಿ ಹೊಚ್ಚ ಹೊಸ ಕೂಲರು. ನಮ್ಮ ಸ್ಟಾಫ್ ರೂಮಿನ ಫ್ಯಾನು ಬಿಸಿಗಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುವುದಷ್ಟೇ ಮಾಡುತ್ತದೆ. ಏಪ್ರಿಲ್ಲಿನಲ್ಲಿ ಅದರ ಕೆಳಗೆ ಕುಳಿತವನಿಗೆ ಮಾತ್ರ ಗೊತ್ತು, ಆ ಕೂಲರು ನನಗೆ ಎಷ್ಟು ಬೇಕಾಗಿತ್ತು ಎಂಬುದು.

ಮನೆಗೆ ಬಂದು ಹೆಂಡತಿ ಭಾಗ್ಯಜ್ಯೋತಿಗೆ ಸುದ್ದಿ ಹೇಳಿದೆ. ಇನ್ನು ಮುಂದೆ ನನ್ನ ಹುಡುಗರು ಲ್ಯಾಪ್‌ಟಾಪಿನಲ್ಲೇ ನೋಟ್ಸ್ ತೆಗೆದುಕೊಳ್ಳುವರೆಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮೊನ್ನೆ ಟಿ.ವಿ. ರಿಮೋಟಿಗೆ ಸೆಲ್ ತಿರುವುಮುರುವು ಹಾಕಿ, ಟಿ.ವಿ. ಕೆಟ್ಟೈತಿ ಅಂತ ಮೆಕ್ಯಾನಿಕ್ಕನ್ನ ಕರಸಿದ್ರಿ. ನಿಮಗ್ಯಾಕ್ರಿ ಈ ಉಸಾಬರಿ?"

ಮಹಾಪುರುಷರಿಗೆ ಮನೆಯಲ್ಲಿ ಯಾವಾಗ ಬೆಲೆ ಸಿಕ್ಕಿದೆ! ನಾನು ಹಿಂದೆ ಸರಿಯಲಿಲ್ಲ.

ಮೊದಲ ದಿನ ಐವತ್ತೆಂಟು ವಿದ್ಯಾರ್ಥಿಗಳ ನಡುವೆ ಹನ್ನೊಂದು ಲ್ಯಾಪ್‌ಟಾಪುಗಳು ಬಂದವು. ಒಂದೊಂದರ ಸುತ್ತ ಐದೈದು ತಲೆಗಳು. ಆದಿಲ್‌ಶಾಹಿಗಳ ಕಂದಾಯ ಪದ್ಧತಿಯನ್ನು ಬರೆಸಲು ಶುರು ಮಾಡಿದೆ. ಕನ್ನಡದ ಕೀಲಿಗಳನ್ನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುವ ಹುಡುಗರು ಒಂದು ಒತ್ತಕ್ಷರ ಮುಗಿಸುವಷ್ಟರಲ್ಲಿ ನನ್ನ ಕಡೆ ಒಬ್ಬ ಸುಲ್ತಾನ ಸತ್ತು ಇನ್ನೊಬ್ಬ ಪಟ್ಟಕ್ಕೆ ಬರುತ್ತಿದ್ದ. ಗಂಟೆ ಬಾರಿಸಿದಾಗ ಎಲ್ಲರದೂ ಸೇರಿ ಎರಡೂವರೆ ಸಾಲು.

ಆಗ ಮುಂದಿನ ಬೆಂಚಿನ ಸಂಗು ಎದ್ದು ನಿಂತು ದಾರಿ ತೋರಿಸಿದ. ಒಂದೇ ಲ್ಯಾಪ್‌ಟಾಪನ್ನು ನನ್ನ ಟೇಬಲ್ಲಿನ ಮೇಲಿಟ್ಟು ಮೈಕಿನ ಗುರುತು ಒತ್ತಿದರೆ ಸಾಕಂತೆ. ನಾನು ಮಾತಾಡಿದ್ದೆಲ್ಲ ತಾನೇ ಕನ್ನಡದಲ್ಲಿ ಅಚ್ಚಾಗುತ್ತ ಹೋಗುವುದಂತೆ. ಒತ್ತಿ ನೋಡಿದೆವು. ಹೌದು! ಮರುದಿನದಿಂದ ನನ್ನ ತರಗತಿ ಸ್ವರ್ಗವಾಯಿತು. ನಾನು ಹೇಳುವುದು, ಯಂತ್ರ ಬರೆಯುವುದು, ಹುಡುಗರು ಕೈಕಟ್ಟಿ ಕೂರುವುದು. ಕೊನೆಯ ಬೆಂಚಿನ ಸಗೀರಾ ಒಬ್ಬಳು ಮಾತ್ರ ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆಯುತ್ತಿದ್ದಳು. ಇದೇನವ್ವ ಇನ್ನೂ ಪೆನ್ನು ಎಂದು ಕೇಳಿದೆ.

"ಬರಕೋಂತ ಕೇಳಿದ್ರ ನನಗ ತಿಳೀತೈತ್ರಿ ಸರ್" ಎಂದಳು.

ಪಾಪ, ಕಾಲಕ್ಕೆ ತಕ್ಕಂತೆ ಬದಲಾಗದ ಹುಡುಗಿ ಎಂದು ಮರುಗಿದೆ.

ಪಾಠ ಮುಗಿದಾಗ ಸಂಗು ಆ ಬರಹವನ್ನು ವಾಟ್ಸಾಪ್ ಗುಂಪಿಗೆ ಕಳಿಸಿದ. ಬಸ್‌ಸ್ಟ್ಯಾಂಡಿನ ಎದುರಿನ ಮುಕ್ತಾರನ ಝೆರಾಕ್ಸ್ ಅಂಗಡಿಯಲ್ಲಿ ಎಲ್ಲರೂ ಪ್ರತಿ ತೆಗೆಸಿಕೊಂಡರು. ಅದನ್ನು ಯಾರೂ ಓದಿ ನೋಡಲಿಲ್ಲ. ನೇರವಾಗಿ ಬಾಯಿಪಾಠಕ್ಕಿಳಿದರು. ನಾನೂ ಓದಲಿಲ್ಲ. ನನ್ನ ನೋಟ್ಸನ್ನು ನಾನೇ ಓದುವುದೇ? ಛೇ!

ಪರೀಕ್ಷೆ ಮುಗಿಯಿತು. ಉತ್ತರ ಪತ್ರಿಕೆಯ ಕಟ್ಟು ಮನೆಗೆ ಬಂತು. ನಮ್ಮ ಮನೆಯಲ್ಲಿ ಪೇಪರ್ ತಿದ್ದುವುದು ಭಾಗ್ಯಜ್ಯೋತಿಯ ಕೆಲಸ. ನೋಟ್ಸ್ ಪಕ್ಕಕ್ಕಿಟ್ಟುಕೊಂಡು ಶಬ್ದಕ್ಕೆ ಶಬ್ದ ತಾಳೆ ನೋಡಿ ಅಂಕ ಹಾಕುವುದಕ್ಕೆ ಇತಿಹಾಸ ಗೊತ್ತಿರಬೇಕೆಂದೇನಿಲ್ಲ. ಭಾನುವಾರ ಮಧ್ಯಾಹ್ನ ನಾನು ಉಣ್ಣುತ್ತಿದ್ದೆ, ಅವಳು ಎದುರಿಗೆ ಮುಕ್ತಾರನ ಅಂಗಡಿಯ ಹೊಸ ನೋಟ್ಸ್ ಪ್ರತಿ ಹರಡಿಕೊಂಡು ಕೆಂಪು ಪೆನ್ನು ಹಿಡಿದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

"ಏನ್ರಿ, ಆದಿಲ್‌ಶಾಹಿ ಸುಲ್ತಾನರಿಗೆ ಪುಂಡಿಪಲ್ಯ ಅಂದ್ರ ಅಷ್ಟು ಪ್ರೀತಿ ಇತ್ತೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಓದತೊಡಗಿದಳು:

"ಕಂದಾಯವು ರಾಜ್ಯದ ಮುಖ್ಯ ಆದಾಯವಾಗಿತ್ತು. ಏ ಸಂಗು, ಕಿಡಕಿ ಹಾಕೋ, ಧೂಳ ಬರಾಕತ್ತೈತಿ. ಹಲೋ, ಕ್ಲಾಸಿನ್ಯಾಗ ಅದೇನಿ, ಹೇಳು. ಮೆಂತೆ ಬ್ಯಾಡ, ಪುಂಡಿಪಲ್ಯ ಮಾಡು. ಇನ್ನ ನಾ ಮನಿಗೆ ಬರೂದು ಹೊತ್ತಾಗ್ತೈತಿ ತಗೋ, ಹೊಸಾ ಕೂಲರಿನ ಖೋಲಿ ನನಗs ಸಿಗ್ತೈತಿ. ಪ್ರಿನ್ಸಿಪಾಲರ ಹಳೇ ಕೂಲರ್ ಗಿರಣಿ ಹಂಗ ಗಡಗಡ ಅಂತೈತಿ, ಆದ್ರೂ ಆ ಮನಷ್ಯಾ ಉಂಡ ಮ್ಯಾಲ ಎರಡು ತಾಸು ನಿದ್ದಿ ಹೊಡೀತಾನ. ಇಡು. ಕಂದಾಯ ವಸೂಲಿಗೆ ಅಧಿಕಾರಿಗಳಿದ್ದರು."

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ. ಪಾಠದ ನಡುವೆ ಅವಳ ಫೋನು ಬಂದದ್ದು ನೆನಪಾಯಿತು. ಮೈಕು ಒತ್ತಿದ್ದೂ ನೆನಪಾಯಿತು. ನಿಲ್ಲಿಸಿದ್ದು ಮಾತ್ರ ಎಷ್ಟು ತಡಕಾಡಿದರೂ ನೆನಪಾಗಲಿಲ್ಲ!

ಕಟ್ಟನ್ನು ಕಿತ್ತುಕೊಂಡು ಒಂದೊಂದೇ ತೆಗೆದು ನೋಡಿದೆ. ಐವತ್ತೇಳು ಜನ ಒಂದಕ್ಷರ ಬಿಡದೆ ಬರೆದಿದ್ದರು. ಜಾಣರು ಉಪಶೀರ್ಷಿಕೆ ಬೇರೆ ಕೊಟ್ಟಿದ್ದರು: 'ಕಿಟಕಿ ಸುಧಾರಣೆ', 'ಪಲ್ಯ ನೀತಿ', 'ನಿದ್ರಾ ವ್ಯವಸ್ಥೆ'. ಒಬ್ಬನಂತೂ ಕೂಲರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ್ದ. ಸಗೀರಾ ಒಬ್ಬಳು ಪಾಠವನ್ನಷ್ಟೇ, ತನ್ನದೇ ಮಾತಿನಲ್ಲಿ ಬರೆದಿದ್ದಳು.

ಕಿಟಕಿಯಿಂದ ನಿದ್ದೆಯವರೆಗಿನ ಸಾಲುಗಳಿಗೆಲ್ಲ ಅಡ್ಡಗೆರೆ ಹೊಡೆದು ಅಂಕ ಕಳೆ ಎಂದು ಹೆಂಡತಿಯನ್ನು ಬೇಡಿಕೊಂಡೆ.

"ಶಬ್ದ ಬದಲಾದ್ರ ಅಂಕ ಕಡಿ ಅಂದವರು ನೀವು. ಇವರು ಎಲ್ಲಿ ಬದಲ ಮಾಡ್ಯಾರ? ಮಾಡಿದಾಕಿ ಸಗೀರಾ ಒಬ್ಬಾಕಿ. ಆಕಿಗೆ ಆರು ಹಾಕೇನಿ."

ವಾದಿಸಲು ಬಾಯಿ ತೆರೆದೆ. ಆದರೆ ಅಂಕ ಕಳೆದರೆ ತರಗತಿಯೇ ಫೇಲು, ಕೂಲರೂ ಹೋಯಿತು. ಬಿಟ್ಟರೆ ನೂರಕ್ಕೆ ತೊಂಬತ್ತೆಂಟು ಪಾಸು! ಬಸಂತರಾಯ ಸರ್ ಅಂಕಪಟ್ಟಿ ಬಿಟ್ಟು ಬೇರೇನನ್ನೂ ನೋಡುವವರಲ್ಲ ಎಂಬುದು ಕಾಲೇಜಿಗೇ ಗೊತ್ತು. ಬಾಯಿ ಮುಚ್ಚಿಕೊಂಡೆ.

ಸೋಮವಾರ ಪೇಪರಿನ ಕಟ್ಟಿನೊಂದಿಗೆ ನಾನು ಒಯ್ದ ಪಟ್ಟಿ ನೋಡಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಇಪ್ಪತ್ತಕ್ಕೆ ಇಪ್ಪತ್ತು, ಅದೂ ಐವತ್ತೇಳು ಜನಕ್ಕೆ! ನನ್ನ ಕೈ ಹಿಡಿದು ಕುಲುಕಿದರು, ಚಹಾ ತರಿಸಿದರು. ಆ ಹೊತ್ತಿನಲ್ಲಿ ನನಗೆ ತಣ್ಣನೆಯ ಗಾಳಿ ಬೆನ್ನಿಗೆ ಬಡಿದಂತೆಯೇ ಆಯಿತು. ಅಷ್ಟರಲ್ಲಿ ಅವರ ಬೆರಳು ಪಟ್ಟಿಯ ಕೊನೆಗೆ ಹೋಗಿ ನಿಂತಿತು. ಈ ಒಬ್ಬಳಿಗೇಕೆ ಆರು ಎಂದು ಕೇಳಿದರು. ದಡ್ಡ ಹುಡುಗಿ ಎಂದೆ. ದಡ್ಡರ ಬಗ್ಗೆ ಸರ್‌ಗೆ ಎಂಥ ಕಳಕಳಿ! ಅವಳ ಪೇಪರ್ ಹುಡುಕಿ ತೆಗೆದು, ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಭಾಳ ಚಲೋ ಬರದಾಳಲ್ರಿ. ಇದಕ್ಕ ಆರಾದ್ರ, ಇಪ್ಪತ್ತು ಬಿದ್ದದ್ದು ಇನ್ನೆಂಥಾದಿರಬೇಕು!"

ಎಂದು ಕಟ್ಟಿನ ಮೇಲಿದ್ದ ಪೇಪರನ್ನು ಕೈಗೆತ್ತಿಕೊಂಡರು. ನನ್ನ ಹಣೆಬರಹಕ್ಕೆ ಅದು ಚಿತ್ರ ಬಿಡಿಸಿದವನದೇ ಆಗಿತ್ತು.

ಅವರು ಓದಿದರು. ಇನ್ನೊಂದನ್ನು ತೆಗೆದು ಓದಿದರು. ಮತ್ತೊಂದನ್ನೂ ಓದಿದರು. ಮೂಲೆಯಲ್ಲಿದ್ದ ಅವರ ಹಳೆಯ ಕೂಲರು ಗಡಗಡ ಎನ್ನುತ್ತಿತ್ತು. ಚಹಾ ಆರಿಹೋಯಿತು. ನಾನು ಕುರ್ಚಿಯ ಮೇಲೆ ಆದಷ್ಟು ಸಣ್ಣಗಾಗಿ ಕುಳಿತೆ.

ಕೊನೆಗೆ ಅವರು ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಮುಂದಿಟ್ಟು, ಸಗೀರಾಳ ಆರನ್ನು ಇಪ್ಪತ್ತು ಮಾಡಲು ಹೇಳಿದರು. ಮಾಡಿದೆ.

"ಚಾರ್ಜು ನಿಮಗs ಕೊಟ್ಟೇನ್ರಿ ಅನೀಲಕುಮಾರ" ಎಂದರು, ಸ್ವಲ್ಪವೂ ಸಿಟ್ಟಿಲ್ಲದೆ. "ಖೋಲಿನೂ ನಿಮ್ಮದs. ಹೊಸಾ ಕೂಲರ್ ಮಾತ್ರ ನಾ ಇಲ್ಲಿ ತರಿಸಿಕೋತೇನಿ, ಈ ಹಳೇದು ನೀವು ಒಯ್ರಿ. ನಿದ್ದಿ ಮಾಡಾಂವ ನಾನು ಅಂತ ಐವತ್ತೇಳು ಮಂದಿ ಬರದಾರ, ನೀವೂ ಎಲ್ಲಾರಿಗೂ ಪೂರ್ತಿ ಅಂಕ ಕೊಟ್ಟೀರಿ."