ಭಾವನವರ ಚೀಲ

ನಮ್ಮ ಭಾವನವರನ್ನು, ಅಂದರೆ ನನ್ನ ಅಕ್ಕನ ಗಂಡನನ್ನು, ಚರ್ಚಿನ ಕಮಿಟಿಯು ಭಾನುವಾರದ ಬೈಬಲ್ ಪಾಠ ಓದುವವರ ಪಟ್ಟಿಯಿಂದ ತೆಗೆದುಹಾಕಿದೆ. ಕಾರಣ, ಅವರು ಜನರನ್ನು ಹೆದರಿಸುತ್ತಾರಂತೆ! ಹೆದರಿಸುತ್ತಿದ್ದರು, ಸುಳ್ಳಲ್ಲ. ಶಹಾಬಾದಿನಲ್ಲಿ ದೇವರಿಗಿಂತ ಹೆಚ್ಚಾಗಿ ಯಾರಿಗಾದರೂ ಹೆದರಬೇಕಿದ್ದರೆ ಅದು ನಮ್ಮ ಭಾವನಿಗೇ. ಆದರೂ ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕಲ್ಲವೆ?

ಭಾವ ನಲವತ್ತು ವರ್ಷ ಗೋಡೆ ಕಟ್ಟಿದ ಗವಂಡಿ. ಪ್ರವಾದಿಗಳ ಮಾತನ್ನು ಬರಿದೇ ಓದಿ ಕುಳಿತುಕೊಳ್ಳುವ ಜಾಯಮಾನ ಅವರದಲ್ಲ. ಅದು ಕಣ್ಣಿಗೆ ಕಾಣಬೇಕು. ದೇವರು ತನ್ನ ಜನರ ನಡುವೆ ನೂಲುಗುಂಡು ಇಳಿಬಿಡುವ ಭಾಗ ಬಂದ ಭಾನುವಾರ, ಕೈಚೀಲದಿಂದ, ಗೋಡೆಯ ನೇರ ನೋಡುವ ತಮ್ಮದೇ ನೂಲುಗುಂಡನ್ನು ತೆಗೆದು ಚರ್ಚಿನ ಗೋಡೆಗೆ ಹಿಡಿದರು. ಗೋಡೆ ಎರಡು ಬೆರಳು ವಾಲಿತ್ತು. ಅದನ್ನು ಕಟ್ಟಿಸಿದ ಕಮಿಟಿಯ ಕಾರ್ಯದರ್ಶಿಗಳು ಮೊದಲ ಸಾಲಿನಲ್ಲೇ ಕುಳಿತಿದ್ದರು! ಥಟ್ಟನೆ ಎದ್ದು, ಎಲ್ಲರೂ ಪ್ರಾರ್ಥಿಸೋಣ ಎಂದುಬಿಟ್ಟರು. ಮರುವಾರ ಓದುವವರಿಗೆ ಐದು ನಿಮಿಷದ ಮಿತಿ ಬಂತು. ಮಿತಿ ಮೀರಿದರೆ ಬಾರಿಸಲು ಮೇಜಿನ ಮೇಲೆ ಒಂದು ಗಂಟೆಯೂ ಬಂತು.

ಬಳಿಕ, ಜನರಿಗೆ ಅಂತ್ಯ ಬಂತೆಂದು ಪ್ರವಾದಿಗೆ ದೇವರು ತೋರಿಸಿದ ಮಾಗಿದ ಹಣ್ಣಿನ ಬುಟ್ಟಿಯ ದರ್ಶನ. ಭಾವ ಸುಲೇಪೇಟದಿಂದ ಮಾವಿನಹಣ್ಣು ತರಿಸಿ, ಬೇಕೆಂದೇ ನಾಲ್ಕು ದಿನ ಹೆಚ್ಚಿಗೆ ಮುಚ್ಚಿಟ್ಟು, ಅಂತ್ಯ ಬಂದಿದೆ ಎಂದು ಬುಟ್ಟಿ ತೆರೆದರು. ಅಂತ್ಯದ ವಾಸನೆಗೆ ಹಾಡುವವರ ತಂಡ ಇಡಿಯಾಗಿ ಕಿಟಕಿಯ ಕಡೆ ಸರಿಯಿತು. ಗಂಟೆ ಬಾರಿಸಿದರು.

ಕೊನೆಯದು ಕುಂಬಾರನ ಗಡಿಗೆ. ಚಿತ್ತಾಪುರದ ಸಂತೆಯಲ್ಲಿ ಕೊಂಡ ಹೊಸ ಗಡಿಗೆಯನ್ನು ಎರಡೂ ಕೈಯಿಂದೆತ್ತಿ, ದೇವರು ತನ್ನ ಜನರನ್ನು ಹೀಗೆಯೇ ಒಡೆಯುತ್ತಾನೆ ಎಂದು ಕಲ್ಲುಹಾಸಿಗೆ ಅಪ್ಪಳಿಸಿದರು. ಒಂದು ಚೂರು ಉರುಳುತ್ತ ಹೋಗಿ ಕಾರ್ಯದರ್ಶಿಗಳ ಪಾದದ ಬಳಿ ನಿಂತಿತು. ಚೂರಿಗೂ ವಿಳಾಸ ಗೊತ್ತಿತ್ತು! ಮತ್ತೆ ಗಂಟೆ. ಇನ್ನು ಸ್ವಲ್ಪವೇ ಉಳಿದಿದೆ ಎಂದು ಭಾವ ಕೇಳಿಕೊಂಡರು.

“ಇನ್ನಾ ಏನೇನ್ ಒಡೀತೀರಿ ಕಾಕಾ? ಸಾಕ್ ಮಾಡ್ರಿ, ಕುಂದ್ರಿ,” ಎಂದರು ಕಾರ್ಯದರ್ಶಿಗಳು. ಸಭೆ ನಕ್ಕಿತು. ನಾನೂ ನಕ್ಕೆ. ಮುಂದಿನ ಭಾನುವಾರ ಪಟ್ಟಿಯಲ್ಲಿ ಭಾವನ ಹೆಸರಿರಲಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಆ ಚೀಲ ಬಾಗಿಲ ಬಳಿಯೇ ಇತ್ತು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಸಿಮಣ್ಣಿನ ಮುದ್ದೆ. ಇದೇನೆಂದು ಕೇಳಿದೆ.

“ಕುಂಬಾರ ಕೆಟ್ಟ ಗಡಗಿ ತಿರುಗಿ ಮಾಡ್ತಾನಲ್ಲ, ಅದನ್ನ ತೋರಸಾಂವ ಇದ್ದೆ,” ಎಂದರು. “ಒಡಿಯೋದು ಐದು ಮಿನಿಟ್‌ನ್ಯಾಗ ಆಗ್ತದ ತಮ್ಮಾ. ಮಾಡ್ಲಿಕ್ಕ ಭಾಳ ಹೊತ್ತು ಬೇಕು.”

ಹಣ್ಣಿನ ಭಾನುವಾರ ಅದೇ ಚೀಲದಲ್ಲಿ, ಪಾಳುಬಿದ್ದ ನೆಲದಲ್ಲಿ ದೇವರು ಮತ್ತೆ ನೆಡುತ್ತಾನೆಂದು ತೋರಿಸಲು, ಒಂದು ಮಾವಿನ ಸಸಿ ಇತ್ತಂತೆ. ಅದೀಗ ಅಕ್ಕನ ಹಿತ್ತಲಲ್ಲಿ ಚಿಗುರಿದೆ. ನೂಲುಗುಂಡಿನ ಭಾನುವಾರ ಇದ್ದದ್ದು ಗಾರೆ ಮೆತ್ತುವ ಕರಣಿ. ಪ್ರಾರ್ಥನೆ ಮುಗಿದ ಮೇಲೆ ಆ ಗೋಡೆಯನ್ನು ತಾವೇ ನೆಟ್ಟಗೆ ಮಾಡಿಕೊಡುವವರಿದ್ದರು.

ಮಣ್ಣು ಒಣಗದಿರಲೆಂದು ಭಾವ ಈಗಲೂ ದಿನಕ್ಕೆರಡು ಬಾರಿ ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಾರೆ. ಅವರಿಗೀಗ ಎಪ್ಪತ್ತೆಂಟು. ಕಮಿಟಿಯವರೇ, ನನ್ನಂತೆಯೇ ನಕ್ಕು ಸುಮ್ಮನಾದವರೇ, ದೇವರ ತೀರ್ಪನ್ನಷ್ಟೇ ಕೇಳಿ ಗಂಟೆ ಬಾರಿಸಿದಿರಲ್ಲ, ಆ ಮಣ್ಣು ಹಸಿಯಾಗಿರುವಾಗಲೇ ಕರುಣೆಗೂ ಒಂದೈದು ನಿಮಿಷ ಕೊಡಲು ನಿಮಗೆ ಆಗುವುದಿಲ್ಲವೆ?