ಬಾರೆಂಡನಿಗೆ ಚಳಿಯಾಗಬಾರದು

“ಆಮೆಯನ್ನ ಬೆಚ್ಚಗಿಡೋದು ಏನು ಮಹಾ ವಿದ್ಯೆ ಅತ್ತೆ? ಕೊಡಿ ಇಲ್ಲಿ. ನೀವು ಸ್ಪೇನಿಂದ ವಾಪಸ್ ಬರೋ ಹೊತ್ತಿಗೆ ನಿಮ್ಮ ಬಾರೆಂಡ್ ಪಾರ್ಕಲ್ಲಿ ಜಾಗಿಂಗ್ ಮಾಡ್ತಿರ್ತಾನೆ.”

ಹೀಗೆ ಹೇಳಿ ವೀಬೆ ತನ್ನ ಅತ್ತೆ ಸೀತ್ಸ್ಕೆಯವರ ಕೈಯಿಂದ ಆಮೆಯಿದ್ದ ರಟ್ಟಿನ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಕಿತ್ತೇ ಕೊಂಡ. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಆಸೆನ್ ಊರಿನಲ್ಲಿ ಆಗಲೇ ಮೂಗು ಕೆಂಪಾಗುವಷ್ಟು ಚಳಿ. ಮಂಡಿನೋವಿನ ಅತ್ತೆ ಜೀವಮಾನದಲ್ಲಿ ಮೊದಲ ಸಲ ಚಳಿಗಾಲ ಕಳೆಯಲು ತಮ್ಮ ವಯಸ್ಸಿನವರ ಗುಂಪು ಕಟ್ಟಿಕೊಂಡು ಸ್ಪೇನಿನ ಕಡಲ ದಂಡೆಗೆ ಹೊರಟಿದ್ದರು.

“ನೋಡು ವೀಬೆ, ಒಂದು ಮಾತು ಪೂರ್ತಿ ಕೇಳು. ಚಳಿಗಾಲದಲ್ಲಿ ಇವನನ್ನ...”

“ಗೊತ್ತು ಅತ್ತೆ.”

“ಗೊತ್ತಿಲ್ಲ ನಿನಗೆ. ಇವನನ್ನ ನೀನು...”

“ಗೊತ್ತು ಅಂದ್ನಲ್ಲ. ನಿಮ್ಮ ಬಸ್ಸು ಹೊರಡ್ತಿದೆ ನೋಡಿ.”

ಅತ್ತೆ ಮಗಳ ಮುಖ ನೋಡಿದರು. ಮಗಳು, ಅಂದರೆ ವೀಬೆಯ ಹೆಂಡತಿ ಮಾರೈಕೆ, ಆಕಾಶ ನೋಡಿದಳು. ಬಸ್ಸು ಹೊರಟಿತು.

ಇಲ್ಲಿ ವೀಬೆಯ ಕಸುಬಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ, ಅವನಿಗೆ ಅನ್ಯಾಯವಾಗುತ್ತದೆ. ಅವನು ಡ್ರೈವಿಂಗ್ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟು ಅವನ ಸಿಂಹಾಸನ, ಅಲ್ಲಿ ಅವನ ಕಾಲ ಕೆಳಗೂ ಒಂದು ಬ್ರೇಕು. ಕಲಿಯುವವರಿಗೆ ಸೈಕಲ್ಲಿನವನು ಕಾಣುವ ಮೊದಲೇ ಇವನು ಬ್ರೇಕ್ ಒತ್ತಿರುತ್ತಾನೆ. ವರ್ಷಾನುಗಟ್ಟಲೆ ಇದನ್ನೇ ಮಾಡಿ ಆ ಬ್ರೇಕು ಕಾಲಿನಿಂದ ನಾಲಿಗೆಗೂ ಹತ್ತಿಕೊಂಡಿತ್ತು. ಎದುರಿಗಿರುವವರ ಮಾತು ಕೊನೆಯ ಪದ ಮುಟ್ಟಿದ್ದನ್ನು ಅವನು ಕೇಳಿಸಿಕೊಂಡದ್ದೇ ಇಲ್ಲ.

ಆಮೆಯ ವಿಷಯದಲ್ಲಿ ಇಷ್ಟು ಆತುರಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ಬೇಸಿಗೆಯಲ್ಲಿ ಅತ್ತೆ ತಮ್ಮ ಜೆರೇನಿಯಂ ಕುಂಡಗಳನ್ನು ಅಳಿಯನಿಗೆ ಒಪ್ಪಿಸಿ ಊರಿಗೆ ಹೋಗಿದ್ದರು. ಅಳಿಯ ಎಷ್ಟು ಪ್ರೀತಿಯಿಂದ ನೀರು ಹಾಕಿದನೆಂದರೆ ಗಿಡಗಳು ಬೇರುಸಮೇತ ಕೊಳೆತುಹೋದವು. ಅಂದಿನಿಂದ ಮನೆಯಲ್ಲಿ ಯಾರ ಹುಟ್ಟುಹಬ್ಬವಾದರೂ, ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿ ಕೂತಾಗ, ಕೇಕಿಗಿಂತ ಮೊದಲು ಜೆರೇನಿಯಂ ಕಥೆ ಬರುತ್ತಿತ್ತು. ಅತ್ತೆ ಆಮೇಲೆ ಅವನ ಕೈಗೆ ಛತ್ರಿಗಿಂತ ಜೀವಂತವಾದ ಯಾವುದನ್ನೂ ಕೊಟ್ಟಿರಲಿಲ್ಲ. ಈಗ ಬಾರೆಂಡನನ್ನು ಕೊಟ್ಟಿದ್ದಾರೆ. ಬಾರೆಂಡ್ ಅಂದರೆ ಸಾಮಾನ್ಯನಲ್ಲ. ತೀರಿಕೊಂಡ ಮಾವನವರು ತಂದು ಸಾಕಿದವನು, ಮಾರೈಕೆಗಿಂತ ವಯಸ್ಸಿನಲ್ಲಿ ದೊಡ್ಡವನು. ಅತ್ತೆಯ ಲೆಕ್ಕದಲ್ಲಿ ಮೊದಲು ಬಾರೆಂಡ್, ಆಮೇಲೆ ಮಗಳು, ಆಮೇಲೆ ಅವರ ಸೈಕಲ್ಲು, ಅದಾದ ಮೇಲೆ ವೀಬೆ. ಈ ಚಳಿಗಾಲ ದಾಟಿದರೆ ಸೈಕಲ್ಲನ್ನಾದರೂ ಹಿಂದೆ ಹಾಕಬಹುದೆಂದು ಅವನ ಆಸೆ.

“ಮನೆ ಒಳಗೆ ಬೇಡ. ಹೋದ ಸಲ ಬಂದಾಗ ಕಾರ್ಪೆಟ್ ಮೇಲೆ ಮಾಡಿದ್ದು ಇನ್ನೂ ವಾಸನೆ ಹೋಗಿಲ್ಲ” ಅಂದಳು ಮಾರೈಕೆ.

“ಒಳಗೆ ಯಾರು ಇಡ್ತಾರೆ? ಹಿತ್ತಲ ಶೆಡ್ಡಿದೆ. ಅದನ್ನ ಅರಮನೆ ಮಾಡ್ತೀನಿ ನೋಡ್ತಿರು.”

“ವೀಬೆ, ಅಮ್ಮ ಹೇಳೋಕೆ ಹೊರಟಿದ್ದು ಏನಂದ್ರೆ, ಈ ಜಾತಿ ಆಮೆಗಳು ಚಳಿಗಾಲದಲ್ಲಿ...”

“ನಡುಗುತ್ತವೆ. ಅದಕ್ಕೇ ಅಲ್ವಾ ನಾನಿರೋದು?”

ಅರಮನೆಯ ಕೆಲಸ ಶುರುವಾಯಿತು. ಸೈಕಲ್ಲುಗಳು ಹೊರಗೆ ಮಳೆಗೆ ಬಿದ್ದವು. ಗೋಡೆಗೆಲ್ಲ ಮಿರಮಿರ ಮಿಂಚುವ ಬೆಳ್ಳಿ ಹಾಳೆ ಅಂಟಿಸಿದ. ನೆಲಕ್ಕೆ ಮೊಣಕಾಲುದ್ದ ಒಣಹುಲ್ಲು ಹಾಸಿದ. ಶಾಖ ಕೊಡುವ ದೀಪ ಒಂದು ಸಾಲದೆಂದು ಇನ್ನೊಂದು, ಅದೂ ಸಾಲದೆಂದು ಹೀಟರು. ಬಿಸಿಗಾಳಿ ಒಂದೇ ಕಡೆ ನಿಲ್ಲಬಾರದೆಂದು ಫ್ಯಾನು. ಕಿಟಕಿಯಿಂದ ಕುಳಿರ್ಗಾಳಿ ಬರುತ್ತದೆಂದು ಅದಕ್ಕೆ ದಪ್ಪನೆಯ ಕರಿ ಬಟ್ಟೆ ಬಡಿದ. ಕೊನೆಗೆ, ಸಂಜೆ ಹೊತ್ತು ಬಾರೆಂಡನ ಜೊತೆ ಕೂರಲು ಒಂದು ಹಳೆಯ ಆರಾಮಕುರ್ಚಿ. ಎಲ್ಲ ಮುಗಿದ ಮೇಲೆ ಅತ್ತೆಗೆ ಮೆಸೇಜ್ ಹಾಕಿದ: “ಆಮೆ ಯಾಕೆ, ಇದರಲ್ಲಿ ಮನುಷ್ಯರೇ ಇರಬಹುದು.” ಅತ್ತೆ ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ವೀಬೆ ಅದನ್ನು ಮಾರೈಕೆಗೆ ತೋರಿಸಿದ, ಮತ್ತೆ ತಾನೇ ನೋಡಿಕೊಂಡ.

ಬಾರೆಂಡ್ ಮೊದಲೆರಡು ದಿನ ಅರೆಗಣ್ಣಿನಲ್ಲಿ ಅರಮನೆ ಸುತ್ತಿದ. ಆಮೇಲೊಂದು ಶನಿವಾರ ವೀಬೆ ಪಾಠ ಮುಗಿಸಿ ಬರುವಷ್ಟರಲ್ಲಿ ಹುಲ್ಲಿನೊಳಗೆ ಹೊಕ್ಕಿದ್ದ. ಮೂಲೆಯಲ್ಲಿ ಹುಲ್ಲು ಬೆಟ್ಟದ ಹಾಗೆ ಉಬ್ಬಿತ್ತು, ಸಂದಿಯಲ್ಲಿ ಕಂದು ಬಣ್ಣದ ಬೆನ್ನು ಒಂಚೂರು ಕಾಣುತ್ತಿತ್ತು. ಎಬ್ಬಿಸುವುದು ಬೇಡವೆಂದು ವೀಬೆ ಉಬ್ಬಿನ ಮುಂದೆ ಲೆಟಿಸ್ ಸೊಪ್ಪು ಇಟ್ಟು ಬಂದ. ಬೆಳಿಗ್ಗೆ ನೋಡಿದರೆ ಒಂದೆಲೆಯೂ ಇಲ್ಲ.

“ಪೂರ್ತಿ ತಿಂದಿದ್ದಾನೆ ಕಣೇ!”

“ಒಳ್ಳೇದಾಯ್ತು” ಅಂದಳು ಮಾರೈಕೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. “ವೀಬೆ, ಬಾರೆಂಡ್ ವಿಷಯ ನಿನಗೊಂದು...”

“ದಿನಕ್ಕೆ ಎರಡು ಸಲ ಇಡ್ಬೇಕು ಅಂತೀಯಾ? ನಾನೂ ಅದನ್ನೇ ಅಂದ್ಕೊಂಡೆ.”

ಚಳಿಗಾಲವೆಲ್ಲ ಹೀಗೇ ಕಳೆಯಿತು. ವೀಬೆ ಊಟವಾದ ತಕ್ಷಣ ಶೆಡ್ಡಿಗೆ ಹೋಗಿ ಆರಾಮಕುರ್ಚಿಯಲ್ಲಿ ಕೂತು, ಆ ದಿನ ಕಾರನ್ನು ಕಾಲುವೆ ಕಡೆ ತಿರುಗಿಸಿದವರ ಕಥೆಯನ್ನು ಹುಲ್ಲಿನ ಉಬ್ಬಿಗೆ ಹೇಳುತ್ತಿದ್ದ. ಇಷ್ಟು ತಾಳ್ಮೆಯಿಂದ ಅವನ ಮಾತು ಕೇಳಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಬಾರೆಂಡನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು. ಜೀವನದಲ್ಲಿ ಕೊರತೆಯೆಂದರೆ ಒಂದೇ.

“ಈ ಸಲ ಚೀಸ್ ಹಾಕಿ ಓವನ್ ಆಲೂಗಡ್ಡೆ ಯಾಕೆ ಮಾಡ್ತಾನೇ ಇಲ್ಲ ನೀನು?”

“ಪಾತ್ರೆ ಸಿಗ್ತಿಲ್ಲ.”

“ಗ್ಯಾರೇಜಿನ ಹಳೇ ಫ್ರಿಜ್ಜಲ್ಲಿ ನೋಡ್ಲಾ?”

“ಅಲ್ಲಿ ಅಮ್ಮ ಹುಳಿಹಾಕಿ ಕೊಟ್ಟ ಹೆರಿಂಗ್ ಮೀನಿದೆ.”

ವೀಬೆಗೆ ಆ ಮೀನಿನ ವಾಸನೆಯೇ ಆಗದು. ಅವನು ಗ್ಯಾರೇಜಿನ ಆ ಮೂಲೆಗೂ ಹೋಗಲಿಲ್ಲ.

ಮಾರ್ಚಿನಲ್ಲಿ ಅತ್ತೆ ಹಿಂತಿರುಗುವ ದಿನ ಬಂತು. ಚಳಿಗಾಲ ಹೋಗುತ್ತ ಹೋಗುತ್ತ ಹಿಂದಿನ ರಾತ್ರಿ ಒಂದು ಕೈ ನೋಡಿಯೇ ಹೋಗಿತ್ತು. ವೀಬೆ ಬೆಳಿಗ್ಗೆ ಪರದೆ ಸರಿಸಿದರೆ ಬೀದಿಗೆ ಬೀದಿಯೇ ಬೆಳ್ಳಗಾಗಿದೆ. ಎಲ್ಲ ಮನೆಯ ಮಾಡು ಬಿಳಿ, ಬೇಲಿ ಬಿಳಿ, ಪಕ್ಕದ ಮನೆ ಹಾರ್ಮನ ಕೋಳಿಗೂಡು ಬಿಳಿ. ಮಧ್ಯೆ ವೀಬೆಯ ಶೆಡ್ಡಿನ ಮಾಡು ಮಾತ್ರ ಕಪ್ಪಗೆ, ಒಣಗಿಕೊಂಡು, ಸಣ್ಣಗೆ ಹಬೆಯಾಡುತ್ತ ನಿಂತಿದೆ.

“ಮಾರೈಕೆ, ಬಾ ಇಲ್ಲಿ! ಒಂದು ಚೂರು ಹಿಮ ನಿಂತಿದೆಯಾ ನೋಡು. ಇದಕ್ಕೆ ಬೆಚ್ಚಗಿಡೋದು ಅನ್ನೋದು.”

ಮಾರೈಕೆ ಮಾಡನ್ನೂ ಗಂಡನನ್ನೂ ನೋಡಿ, “ಅಯ್ಯೋ ದೇವರೇ” ಅಂದಳು. ವೀಬೆ ಅದನ್ನು ಮೆಚ್ಚುಗೆ ಎಂದುಕೊಂಡ. ಅವಳು ಅಮ್ಮನನ್ನು ಕರೆತರಲು ಸ್ಟೇಷನ್ನಿಗೆ ಹೊರಟ ಮೇಲೆ ಶೆಡ್ಡಿನ ಫೋಟೋ ತೆಗೆದು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದ: “ನಮ್ಮ ಶೆಡ್ಡಿನ ಮುಂದೆ ಹಿಮದ ಆಟ ನಡೆಯಲ್ಲ!”

ಮೊದಲು ಬಂದವನು ಹಾರ್ಮ್. ಬೇಲಿಯ ಮೇಲೆ ಬಗ್ಗಿ, ಕಣ್ಣು ಹೊಡೆದು, “ನೀನು ಇಂಥವನು ಅಂತ ಗೊತ್ತಿರಲಿಲ್ಲ ಮಾರಾಯ. ನನ್ನ ಸೊಂಟನೋವು ನಿನಗೆ ಗೊತ್ತಲ್ಲ, ಫಸಲು ಬಂದಾಗ ಒಂಚೂರು ನೆನಪಿಟ್ಕೋ” ಅಂದ. ಮುದುಕನಿಗೆ ಅರಳುಮರುಳು ಎಂದು ವೀಬೆ ಒಳಗೆ ಬಂದ.

ಕಾಫಿ ಆರುವ ಮೊದಲೇ ಬಾಗಿಲಲ್ಲಿ ಪೊಲೀಸರು. ಮುಂದೆ ನಿಂತವಳು ಫೆನ್ನಾ, ಇವನ ಹತ್ತಿರವೇ ಡ್ರೈವಿಂಗ್ ಕಲಿತ ಹುಡುಗಿ. ಹಿಂದೆ ಬಾಗಿಲು ತುಂಬುವಂಥ ಒಬ್ಬ ಪೇದೆ.

“ಮೇಷ್ಟ್ರೇ, ಶೆಡ್ಡಿನ ಬೀಗ ತೆಗೀರಿ.”

“ಯಾಕಮ್ಮ?”

“ಇಡೀ ಬೀದೀಲಿ ನಿಮ್ಮದೊಂದೇ ಮಾಡಿನ ಮೇಲೆ ಹಿಮ ಇಲ್ಲ. ಕಿಟಕಿಗೆ ಕರಿ ಬಟ್ಟೆ. ಒಳಗೆ ಫ್ಯಾನಿನ ಸದ್ದು. ಇಂಥ ಶೆಡ್ಡಲ್ಲಿ ನಮಗೆ ಯಾವಾಗ್ಲೂ ಒಂದೇ ಗಿಡ ಸಿಗೋದು. ಗಾಂಜಾ.”

“ಗಾಂಜಾನಾ! ಒಳಗಿರೋದು ಆಮೆ ಕಣಮ್ಮ!”

“ಟೊಮೆಟೊ ಅಂದವರಿದ್ದಾರೆ, ಆರ್ಕಿಡ್ ಅಂದವರಿದ್ದಾರೆ. ಆಮೆ ಅಂದವರು ನೀವೇ ಮೊದಲು. ಆಮೆಗೆ ಫ್ಯಾನ್ ಯಾಕೆ ಮೇಷ್ಟ್ರೇ?”

ವೀಬೆ ಎದೆಯುಬ್ಬಿಸಿ ಬೀಗ ತೆಗೆದ. ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿದು ಪೇದೆಯ ಕನ್ನಡಕ ಮಂಜಾಯಿತು. ಫೆನ್ನಾ ಬೆಳ್ಳಿ ಹಾಳೆ ನೋಡಿದಳು, ದೀಪಗಳನ್ನು ನೋಡಿದಳು, ಆರಾಮಕುರ್ಚಿ ನೋಡಿದಳು. ಒಂದೇ ಒಂದು ಗಿಡವಿಲ್ಲ.

“ಅದೋ, ಆ ಮೂಲೇಲಿ ಮಲಗಿದ್ದಾನೆ. ಮೆಲ್ಲಗೆ, ಎಚ್ಚರ ಆಗುತ್ತೆ.”

ಫೆನ್ನಾ ಮೆಲ್ಲಗೆ ಹುಲ್ಲು ಸರಿಸಿದಳು. ಒಳಗಿಂದ ಗುಂಡುಗುಂಡಗೆ ಕೊಬ್ಬಿದ ಒಂದು ಇಲಿ ಹೊರಬಂದು ಅವಳನ್ನು ನೋಡಿತು. ಹಿಂದೆಯೇ ಅದರ ಸಂಸಾರ. ಬಾಯಲ್ಲಿ ಇನ್ನೂ ಲೆಟಿಸ್ ಇತ್ತು. ಅವು ಅವಸರವಿಲ್ಲದೆ ಗೋಡೆಯ ಸಂದಿಗೆ ಹೋದ ಮೇಲೆ ಫೆನ್ನಾ ಕಂದು ಬೆನ್ನನ್ನು ಎರಡು ಕೈಯಲ್ಲಿ ಎತ್ತಿ ತಿರುಗಿಸಿದಳು.

ಅದು ಚೀಸ್ ಹಾಕಿ ಆಲೂಗಡ್ಡೆ ಬೇಯಿಸುವ ಪಾತ್ರೆ.

“ಮೇಷ್ಟ್ರೇ, ಇದು ನಿಮ್ಮ ಆಮೆನಾ?” ಫೆನ್ನಾಳ ದನಿಯಲ್ಲಿ ಈಗ ಅನುಮಾನ ಹೋಗಿ ಮರುಕ ಬಂದಿತ್ತು.

ವೀಬೆ ಹುಲ್ಲನ್ನೆಲ್ಲ ಕೆದರಿ ನೋಡಿದ, ಬಾರೆಂಡ್ ಇಲ್ಲ. ಗಾಂಜಾ ಕೇಸೇ ವಾಸಿಯಿತ್ತು. ಮಾವನವರು ಸಾಕಿದ ಜೀವ, ಅತ್ತೆ ಮೊದಲ ಸಲ ನಂಬಿ ಕೊಟ್ಟ ಜೀವ, ಸಂಜೆಸಂಜೆ ತನ್ನ ಕಷ್ಟಸುಖ ಕೇಳಿದ ಜೀವ ಈ ಹಿಮದಲ್ಲಿ ಎಲ್ಲಿ ಹೆಪ್ಪುಗಟ್ಟಿ ಬಿದ್ದಿದೆಯೋ! ಅವನು ಹಿತ್ತಲಿಗೆ ಓಡಿ ಮಂಡಿಯೂರಿ ಬರಿಗೈಯಲ್ಲಿ ಹಿಮ ಕೆದಕತೊಡಗಿದ. ಅವನ ಅವಸ್ಥೆ ನೋಡಲಾರದೆ ಪೇದೆಯೂ ಸಲಿಕೆ ಹಿಡಿದ. ಫೆನ್ನಾ ಗೊಬ್ಬರದ ಗುಡ್ಡೆ ಕೆದಕಿದಳು. ಬೇಲಿಯಾಚೆ ಹಾರ್ಮ್ ಯಾರಿಗೂ ಕಾಣದ ಹಾಗೆ ತನ್ನ ಕಿಟಕಿ ಮುಚ್ಚಿಕೊಂಡ.

ಆಗಲೇ ಅತ್ತೆ ಬಂದರು. ಸುಟ್ಟ ಬ್ರೆಡ್ಡಿನ ಬಣ್ಣಕ್ಕೆ ತಿರುಗಿದ್ದರು, ತಲೆಯ ಮೇಲೆ ಹುಲ್ಲಿನ ಟೋಪಿ. ಪಕ್ಕದಲ್ಲಿ ಮಾರೈಕೆ.

“ಅತ್ತೆ...” ವೀಬೆ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದ. “ಬಾರೆಂಡ್ ಕಾಣ್ತಿಲ್ಲ. ಜೆರೇನಿಯಂ ಆದ್ಮೇಲೆ ಇದು. ನನ್ನನ್ನ ಏನು ಬೇಕಾದ್ರೂ ಅನ್ನಿ.”

“ಕಾಣದೇ ಏನು? ಫ್ರಿಜ್ಜಲ್ಲಿದ್ದಾನೆ” ಅಂದರು ಅತ್ತೆ.

ಎಲ್ಲರೂ ಗ್ಯಾರೇಜಿಗೆ ನಡೆದರು. ಮಾರೈಕೆ ಹಳೆಯ ಫ್ರಿಜ್ಜಿನ ಬಾಗಿಲು ತೆಗೆದಳು. ಹೆರಿಂಗ್ ಮೀನಿನ ಸುಳಿವೇ ಇಲ್ಲ. ತರಕಾರಿ ಇಡುವ ಡಬ್ಬದಲ್ಲಿ, ಒಣ ಎಲೆಗಳ ಹಾಸಿಗೆಯಲ್ಲಿ ಬಾರೆಂಡ್ ತಣ್ಣಗೆ, ಸುಖವಾಗಿ ಮಲಗಿದ್ದ. ಮುಟ್ಟಿದಾಗ ಒಂದು ಕಾಲನ್ನು ಬೇಸರದಿಂದ ಒಳಗೆಳೆದುಕೊಂಡ.

“ಇವು ಚಳಿಗಾಲ ಪೂರ್ತಿ ತಣ್ಣಗೆ ನಿದ್ದೆ ಮಾಡ್ಬೇಕು ಕಣೋ. ಬಿಸಿ ಮಾಡಿ ಎಬ್ಬಿಸಿ ಕೂರಿಸಿದ್ರೆ ಸೊರಗಿ ಸಾಯ್ತವೆ. ಇದನ್ನೇ ಹೇಳೋಕೆ ಬಾಯಿ ತೆಗೆದೆ, ನೀನು ಬಸ್ಸು ಹತ್ತಿಸಿಬಿಟ್ಟೆ. ಆಮೇಲೆ ಇವಳಿಗೆ ಫೋನಲ್ಲೇ ಎಲ್ಲಾ ಹೇಳಿಕೊಟ್ಟೆ.”

ವೀಬೆ ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಹೇಳ್ಬಾರ್ದಿತ್ತಾ?”

“ಹೇಳೋಕೆ ಬಂದಾಗೆಲ್ಲ ಬ್ರೇಕ್ ಒತ್ತಿದ್ಯಲ್ಲ” ಅಂದಳು ಮಾರೈಕೆ. “ಅದಕ್ಕೇ ನೀನು ಪಾಠಕ್ಕೆ ಹೋದಾಗ ಇವನನ್ನ ಇಲ್ಲಿಗೆ ತಂದು, ಅಲ್ಲಿ ಪಾತ್ರೆ ಕವುಚಿಟ್ಟೆ. ಆಮೇಲೆ ನಾನೂ ಸುಮ್ಮನಾದೆ. ಸಂಜೆಯೆಲ್ಲಾ ನೀನು ಶೆಡ್ಡಲ್ಲಿರ್ತಿದ್ದೆ, ಮನೆ ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ?”

ಪೇದೆ ಗೋಡೆಯ ಕಡೆ ತಿರುಗಿ ಭುಜ ಕುಲುಕಿಸುತ್ತಿದ್ದ. ಫೆನ್ನಾ ಮೇಷ್ಟ್ರ ಕೈ ಕುಲುಕಿ, ಪಾತ್ರೆಯನ್ನು ಮಾರೈಕೆಗೆ ಒಪ್ಪಿಸಿ ಹೊರಟಳು. ಬಾರೆಂಡ್ ಬದುಕಿದ್ದಾನೆ ಎಂಬ ಸಂತೋಷದಲ್ಲಿ ವೀಬೆಗೆ ಅವಮಾನ ಅಷ್ಟಾಗಿ ತಟ್ಟಲಿಲ್ಲ. ಮುಂದಿನ ಹುಟ್ಟುಹಬ್ಬದಲ್ಲಿ ಜೆರೇನಿಯಂ ಕಥೆಗೆ ರಜ ಸಿಗುತ್ತದೆ, ಅಷ್ಟೇ ತಾನೇ ಎಂದು ಸಮಾಧಾನ ಮಾಡಿಕೊಂಡ.

“ಅಮ್ಮ ಎಲ್ಲಿ?” ಅಂದಳು ಮಾರೈಕೆ.

ಶೆಡ್ಡಿನ ಬಾಗಿಲು ತೆರೆದಿತ್ತು. ಅತ್ತೆ ಒಳಗೆ ಆರಾಮಕುರ್ಚಿಯಲ್ಲಿ ಕೂತಿದ್ದರು. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಎರಡೂ ಮಂಡಿಗಳನ್ನು ದೀಪದ ಕೆಳಗೆ ಚಾಚಿ, ಕಣ್ಣು ಮುಚ್ಚಿದ್ದರು. ಬಾಗಿಲ ಹೊರಗೆ ನಿಂತ ವೀಬೆಗೆ ಅವರ ಮುಖದಲ್ಲಿ ಹಿಂದೆಂದೂ ಕಾಣದ ಮೆಚ್ಚುಗೆ ಕಂಡಿತು. ಇದೇ ಮೆಚ್ಚುಗೆಗಾಗಿ ಅವನು ಇಡೀ ಚಳಿಗಾಲ ದುಡಿದಿದ್ದ.

“ಸ್ಪೇನಲ್ಲಿ ಸಂಜೆ ಆದ್ರೆ ನಡುಕ ವೀಬೆ. ಒಂದು ಕಂಬಳಿ ಜಾಸ್ತಿ ಕೇಳಿದ್ರೆ ಹೋಟೆಲ್ಲಿನವರು ಮುಖ ಸಿಂಡರಿಸ್ತಿದ್ರು. ಇಲ್ಲಿ ನೋಡು, ಮಂಡಿ ಹೇಗೆ ಸಲೀಸಾಗಿ ಮಡಿಸೋಕೆ ಬರ್ತಿದೆ. ಮನುಷ್ಯರೇ ಇರಬಹುದು ಅಂತ ನೀನೇ ಬರೆದಿದ್ದೆ, ಸುಳ್ಳಲ್ಲ ಅದು. ಮುಂದಿನ ಚಳಿಗಾಲ ನಾನು ಸ್ಪೇನಿಗೆ...”

ವೀಬೆಯ ಬಲಗಾಲು ತನ್ನಷ್ಟಕ್ಕೆ ತಾನೇ ಹಿಮವನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ. ಮದುವೆಯಾದಂದಿನಿಂದ ಮೊದಲ ಸಲ ಅವನು ಅತ್ತೆಯ ಮಾತನ್ನು ಕೊನೆಯ ಪದದವರೆಗೂ ಕೇಳಿಸಿಕೊಂಡ.

“...ಹೋಗೋದೇ ಇಲ್ಲ” ಅಂದರು ಅತ್ತೆ.