ಹೂಂಗುಟ್ಟುವವರು

ಸ್ಟೋರಪ್ಪನ ಗ್ರಹಚಾರ ಕೆಟ್ಟದ್ದು ಒಂದೇ ಒಂದು "ಹೂಂ"ನಿಂದ.

ಕಾರ್ಖಾನೆಯ ಬಿಡಿಭಾಗಗಳ ಸ್ಟೋರಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವನೊಬ್ಬನೇ. ಮನೆಯಲ್ಲಿ ಬಾಯಿ ತೆಗೆದರೆ ಹೆಂಡತಿ ಟೀವಿ ಸದ್ದು ಹೆಚ್ಚಿಸುತ್ತಾಳೆ. ಇನ್ನೆಲ್ಲಿ ಮಾತಾಡಬೇಕು ಪಾಪ, ಬೋಲ್ಟುಗಳ ಜೊತೆಗೇ ಮಾತಾಡುತ್ತಿದ್ದ. ಆವತ್ತು ಬೆಳಿಗ್ಗೆ, "ಹಾಳು ಮಂಡಿನೋವು, ಬಿಡ್ತಾನೇ ಇಲ್ಲ ಕಣಪ್ಪ" ಎಂದು ಗೊಣಗಿದ.

"ಹೂಂ" ಎಂದಿತು ಕೊನೆಯ ಕಪಾಟಿನ ಹಿಂದಿನಿಂದ. ಕತೆ ಕೇಳುವವರು ಅನ್ನುತ್ತಾರಲ್ಲ, ಹಾಗೆ.

ಹೋಗಿ ನೋಡಿದ. ಕಪಾಟಿಗೂ ಗೋಡೆಗೂ ನಡುವೆ ಕೈ ತೂರುವಷ್ಟೂ ಜಾಗವಿಲ್ಲ.

"ಹೋಗ್ಲಿ, ಡಾಕ್ಟರಿಗೇ ತೋರಿಸ್ತೀನಿ."

"ಹೂಂ." ಈ ಸಲ ಕಿವಿಯ ಪಕ್ಕದಲ್ಲೇ, ತಣ್ಣನೆ ಉಸಿರಿನ ಜೊತೆ.

ಸ್ಟೋರಪ್ಪನ ಕೈಯಲ್ಲಿದ್ದ ಬೋಲ್ಟಿನ ಡಬ್ಬಿ ಬಿತ್ತು. ಸದ್ದಿಗೆ ಆಫೀಸಿನಿಂದ ಓಡಿಬಂದ ಟೈಪಿಸ್ಟಕ್ಕನ ಹತ್ತಿರ ಎಲ್ಲ ಒದರಿಬಿಟ್ಟ. ಆಕೆಗೆ ಹೇಳುವುದೂ ಮೈಕಿನಲ್ಲಿ ಕೂಗುವುದೂ ಒಂದೇ. ಅರ್ಧ ಗಂಟೆಯಲ್ಲಿ ಮ್ಯಾನೇಜರು ಕರೆಸಿದರು.

"ಕೌನ್ಸೆಲರ್ ಮೇಡಂ ಹತ್ರ ಹೋಗಿ. ನಿಮ್ಮ ತಲೆ ಸರಿ ಇಲ್ಲ ಅಂತ ಅವರಂದ್ರೆ, ಸ್ಟೋರಿನ ಬೀಗದಕೈ ವಾಪಸ್ ಕೊಡಿ."

ಆ ಸ್ಟೋರು ಹೋದರೆ ಮನಸ್ಸು ಬಿಚ್ಚಿ ಮಾತಾಡಲು ಸ್ಟೋರಪ್ಪನಿಗೆ ಬೇರೆ ಜಾಗವೇ ಇರಲಿಲ್ಲ.

ನೌಕರರ ಕಷ್ಟಸುಖ ಕೇಳಲೆಂದೇ ಕಾರ್ಖಾನೆ ನೇಮಿಸಿದ್ದ ಮೇಡಂ ದೊಡ್ಡ ಓದು ಓದಿದವರು. ಎದುರಿನವರು ಮಾತಾಡುವಾಗ ತುಟಿಪಿಟಕ್ಕೆನ್ನಬಾರದೆಂದು ಕಲಿತವರು. ನಮ್ಮ ಜನಕ್ಕೋ, ಹೂಂಗುಟ್ಟದಿದ್ದರೆ ಎರಡನೇ ಮಾತೇ ಹೊರಡುವುದಿಲ್ಲ. ಆರು ತಿಂಗಳಿಂದ ಹೋದವರೆಲ್ಲ ಐದೇ ನಿಮಿಷಕ್ಕೆ ಎದ್ದುಬಂದಿದ್ದರು.

"ನಂಗೇನೂ ಆಗಿಲ್ಲ ಮೇಡಂ," ಎಂದು ಸ್ಟೋರಪ್ಪ ತಲೆ ತಗ್ಗಿಸಿದ. "ಒಂಟಿ ಅನ್ಸುತ್ತೆ, ಅಷ್ಟೇ."

"ಹೂಂ."

ಪರವಾಗಿಲ್ವೇ, ಮೇಡಂ ಕಲಿತುಬಿಟ್ರಲ್ಲ! ಅವನಿಗೆ ಹುರುಪು ಬಂತು. ಮಂಡಿ, ಹೆಂಡತಿ, ಟೀವಿ, ಹತ್ತೊಂಬತ್ತು ವರ್ಷ, ಎಲ್ಲ ಹೇಳಿಕೊಂಡ. ಮಾತು ನಿಂತಲ್ಲೆಲ್ಲ "ಹೂಂ" ಬಂತು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಮೇಡಂ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ನಾನಲ್ಲ," ಎಂದು ಪಿಸುಗುಟ್ಟಿ ಮೂಲೆಯ ಕಬ್ಬಿಣದ ಬೀರು ತೋರಿಸಿದರು. ಅದರ ಬಾಗಿಲು ತಾನಾಗಿಯೇ ಒಂದು ಬೆರಳಿನಷ್ಟು ತೆರೆದುಕೊಂಡಿತು.

"ನಿಮಗೂ ಕೇಳಿಸ್ತಾ? ಹಾಗಾದ್ರೆ ನಂಗೆ ಹುಚ್ಚಿಲ್ಲ!"

"ಹೂಂ," ಎಂದಿತು ಬೀರು.

ಮೇಡಂ ಚಪ್ಪಲಿಯನ್ನೂ ಮೆಟ್ಟದೆ ಓಡಿದವರು ಗೇಟು ದಾಟುವವರೆಗೆ ನಿಲ್ಲಲಿಲ್ಲ. ಗಲಾಟೆ ಕೇಳಿ ಮ್ಯಾನೇಜರು ಬಂದು ಬೀರು ಪೂರ್ತಿ ತೆರೆದು ನೋಡಿದರು. ಬರೀ ಫೈಲು. ಸುಸ್ತಾಗಿ ಕುರ್ಚಿಗೆ ಒರಗಿ, "ಥೂ, ಮೊದಲೇ ರಾತ್ರಿ ನಿದ್ದೆ ಬರಲ್ಲ" ಎಂದರು.

"ಹೂಂ."

ಮ್ಯಾನೇಜರು ಬೆಚ್ಚಿದರು. ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದು, "ಮೇಲಿನವರ ಕಾಟ ಬೇರೆ..." ಎಂದರು, ಮೆಲ್ಲಗೆ.

"ಹೂಂ."

ಒಂದು ಗಂಟೆಯ ಮೇಲೆ ಮೂಗೊರೆಸಿಕೊಂಡು ಹೊರಬಂದರು. ಮಧ್ಯಾಹ್ನಕ್ಕೆ ಬೀರುವಿಗೆ ಕಷ್ಟ ಹೇಳಿಕೊಳ್ಳಲು ಬಂದವರ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಟೈಪಿಸ್ಟಕ್ಕ ಒಂದನೇ ನಂಬರು ತಾನಿಟ್ಟುಕೊಂಡು, ಉಳಿದವರಿಗೆ ಟೋಕನ್ ಹಂಚಿದಳು. ಒಂದು ಸಲ ಕೋಣೆಯಲ್ಲೇ ಕೂತಿದ್ದ ಸ್ಟೋರಪ್ಪ ಟೀಗೆಂದು ಎದ್ದುಹೋದಾಗ ಮಾತ್ರ ಬೀರು ಮೂಕವಾಯಿತು. ನಾಲ್ವರು ಹೋಗಿ ಅವನನ್ನು ಎತ್ತಿಕೊಂಡೇ ಬಂದರು.

ಸಂಜೆ ಮ್ಯಾನೇಜರು ಕೈ ಚಾಚಿದರು. "ಬೀಗದಕೈ ಕೊಡಿ. ನಾಳೆಯಿಂದ ನಿಮ್ಮ ಡ್ಯೂಟಿ ಇದೇ ಕೋಣೇಲಿ. ಅದು ನಿಮ್ಮ ಹಿಂದೇನೇ ಬರುತ್ತೆ."

"ಸಾರ್, ನನ್ನ ತಲೆ ಸರಿಯಾಗೇ ಇದೆಯಲ್ಲ..."

"ಅದಕ್ಕೇ ಇಲ್ಲಿ ಹಾಕಿದ್ದು. ಆದ್ರೆ ನೀವು ಬಾಯಿ ಬಿಡ್ಕೂಡದು, ಜನಕ್ಕೆ ತೊಂದರೆ."

ಎಲ್ಲರೂ ಹೋದರು. ಸ್ಟೋರಪ್ಪ ಬೀರುವಿನ ಹತ್ತಿರ ಕುರ್ಚಿ ಎಳೆದುಕೊಂಡ. ಈಗ ಅವನಿಗೆ ಹೆದರಿಕೆಯೂ ಉಳಿದಿರಲಿಲ್ಲ, ಅಳು ಬರುತ್ತಿತ್ತು.

"ನೋಡಿದ್ಯಾ, ನನ್ನ ಗತಿ ಏನಾಯ್ತು?"

ಸದ್ದಿಲ್ಲ.

"ಕೇಳಿಸ್ತಾ ಇದೆಯಾ?" ಎಂದು ಮೆಲ್ಲಗೆ ಬಾಗಿಲು ತಟ್ಟಿದ.

ಒಳಗಿನಿಂದ ದಣಿದ ದನಿಯೊಂದು ಬಂತು.

"ಇವತ್ತಿಗೆ ಮುಗೀತು. ನಾಳೆ ಟೋಕನ್ ತಗೊಂಡು ಬನ್ನಿ."